ಛತ್ರದ ಹೊರಗೆ ಮಲಗಿದವನು

ಮದುವೆ ಮನೆಯ ಕೆಲಸಗಳಲ್ಲಿ ಕೋಣೆ ಹಂಚುವುದರಷ್ಟು ನಿಷ್ಠುರದ ಕೆಲಸ ಬೇರೊಂದಿಲ್ಲ. ಕಳೆದ ವರ್ಷದ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗನ ಮದುವೆ ತಾಂಬರಂನಲ್ಲಿ ನಡೆದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣಿನವರು ಚೆನ್ನೈಯವರು, ನಾವು ಗಂಡಿನ ಕಡೆಯವರು ಮೈಸೂರಿನವರು. ಕೇಂದ್ರ ಸರಕಾರದ ನೌಕರಿಯ ದೆಸೆಯಿಂದ ಹನ್ನೊಂದು ವರ್ಷಗಳಿಂದ ತಾಂಬರಂನಲ್ಲಿರುವ ಸೋದರಮಾವ ನಾನಾದ್ದರಿಂದ, ಊರು ಬಲ್ಲವನೆಂದು ನೋಟುಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಛತ್ರದ ಮೇಲಂತಸ್ತಿನಲ್ಲಿ ನಮಗೆ ಹತ್ತು ಕೋಣೆಗಳು. ಮಂಡಿನೋವಿನವರು ಲಿಫ್ಟಿನ ಹತ್ತಿರ, ಗೊರಕೆಯವರು ಮೂಲೆಯಲ್ಲಿ, ಮಾತು ಬಿಟ್ಟ ಇಬ್ಬರು ದಾಯಾದಿಗಳು ಎರಡು ಕೊನೆಗಳಲ್ಲಿ. ಒಂಬತ್ತು ಕೋಣೆಗಳಲ್ಲಿ ಇಪ್ಪತ್ತೆಂಟು ಜನರನ್ನು ಯಾರಿಗೂ ನೋವಾಗದಂತೆ ಕೂಡಿಸಿದೆ. ಹತ್ತನೆಯ ಕೋಣೆ ಹೂವಿನ ಹಾರ, ಹಣ್ಣಿನ ತಟ್ಟೆ ಮತ್ತು ಸಿಹಿತಿಂಡಿಗಳಿಗೆ ಮೀಸಲಾಯಿತು. ಸೆಕೆಗೆ ಹೂವು ಬಾಡಬಾರದೆಂದು ಆ ಕೋಣೆಯ ಎಸಿಯನ್ನು ರಾತ್ರಿಯಿಡೀ ಹಾಕಿಟ್ಟೆವು.

ಅಷ್ಟು ಜನರನ್ನು ಮೈಸೂರಿನಿಂದ ಎರಡು ಟೆಂಪೋ ಟ್ರಾವೆಲರ್‌ಗಳಲ್ಲಿ ಕರೆತಂದ ಇಬ್ಬರು ಚಾಲಕರ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಬರೆಯಲು ಮರೆತೆನೆಂದರೆ ಸುಳ್ಳಾಗುತ್ತದೆ. ಮರೆಯಬೇಕಾದರೆ ಮೊದಲು ನೆನಪಿನಲ್ಲಿ ಇರಬೇಕು. ಅವರಿಗೊಂದು ಹಾಸಿಗೆ ಬೇಕೆಂಬ ಯೋಚನೆಯೇ ನನ್ನ ತಲೆಗೆ ಬಂದಿರಲಿಲ್ಲ.

ಇರುಳು ಎರಡೂವರೆ ಗಂಟೆಗೆ, ರೈಲಿನಲ್ಲಿ ಬರುತ್ತಿದ್ದ ಚಿಕ್ಕಪ್ಪನನ್ನು ತಾಂಬರಂ ನಿಲ್ದಾಣದಿಂದ ಕರೆತರಲು ಹೊರಗೆ ಬಂದೆ. ಅಗ್ನಿನಕ್ಷತ್ರದ ದಿನಗಳು. ನಡುರಾತ್ರಿಯಲ್ಲೂ ಜಿಎಸ್‌ಟಿ ರಸ್ತೆಯ ಡಾಂಬರು ಕಾವು ಬಿಡುತ್ತಿತ್ತು. ನಮ್ಮ ಗಾಡಿಗಳಲ್ಲೊಂದರ ಬಾಗಿಲು ಅರೆ ತೆರೆದಿತ್ತು. ಸೀಟುಗಳ ನಡುವೆ ಒಬ್ಬ ಮನುಷ್ಯ ನೇರವಾಗಿ ನಡೆಯಲೂ ಆಗದಷ್ಟು ಕಿರಿದಾದ ಓಣಿಯಲ್ಲಿ ಬೆಡ್‌ಶೀಟೊಂದನ್ನು ಹಾಸಿಕೊಂಡು ಚಾಲಕ ಒಂದೇ ಮಗ್ಗುಲಲ್ಲಿ ಮಲಗಿದ್ದ. ಹೊರಳಲು ಜಾಗವಿರಲಿಲ್ಲ. ಬೀದಿದೀಪದ ಬೆಳಕಿಗೆ ಅಡ್ಡವಾಗಿ ಕಿಟಕಿಗೊಂದು ಲುಂಗಿ ಕಟ್ಟಿದ್ದ. ಹೆಜ್ಜೆಯ ಸದ್ದಿಗೆ ಎದ್ದು ಕುಳಿತು, "ಗಾಡಿ ತೆಗೀಬೇಕಾ ಸಾರ್?" ಎಂದು ಕೇಳಿದ. ಆ ರಾತ್ರಿ ಅವನನ್ನು ಹಾಗೆ ಎಬ್ಬಿಸಿದವರಲ್ಲಿ ನಾನು ಮೂರನೆಯವನೆಂದು ತಿಳಿಯಿತು. ಹೂವಿನ ಗಾಡಿ ಬಂದಾಗ ಒಮ್ಮೆ, ಅಡುಗೆಯವರ ಸಾಮಾನು ಬಂದಾಗ ಒಮ್ಮೆ ಕಾವಲುಗಾರ ಅವನನ್ನು ಎಬ್ಬಿಸಿ ವಾಹನವನ್ನು ಹಿಂದೆ ಮುಂದೆ ಮಾಡಿಸಿದ್ದ. ಮೇಲೆ ಬಂದು ವರಾಂಡದಲ್ಲಾದರೂ ಮಲಗಪ್ಪಾ ಎಂದೆ. "ಇರ್ಲಿ ಬುಡಿ ಸಾರ್, ನಮ್ಗೆ ಅಭ್ಯಾಸ" ಎಂದ. ಆ ಉತ್ತರ ನನಗೂ ಅನುಕೂಲವೇ ಆಗಿದ್ದರಿಂದ ಮತ್ತೆ ಒತ್ತಾಯಿಸಲಿಲ್ಲ.

ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಅವನು ಎದ್ದ. ಮುಹೂರ್ತ ಮುಗಿಯಿತು. ಊಟವಾದ ಮೇಲೆ ಹೇಗೂ ಗಾಡಿ ಇದೆಯಲ್ಲ ಎಂದು ಹತ್ತು ಮಂದಿ ಮಾಮಲ್ಲಪುರಕ್ಕೆ ಹೋಗಿ ಬಂದರು. ರಾತ್ರಿ ಎಂಟಕ್ಕೆ ದಿಬ್ಬಣ ಮೈಸೂರಿಗೆ ಹೊರಟಿತು. ಸುಮಾರು ಐನೂರು ಕಿಲೋಮೀಟರಿನ ಹಾದಿ. ಹನ್ನೆರಡರ ಹೊತ್ತಿಗೆ ಆಂಬೂರು ದಾಟಿದ ಮೇಲೆ ಅಕ್ಕನಿದ್ದ ಗಾಡಿ ಮೆಲ್ಲನೆ ಬಲಕ್ಕೆ ಸರಿದು ರಸ್ತೆಯ ನಡುಗಟ್ಟೆಯನ್ನು ಉಜ್ಜಿತು. ಮುಂದಿನ ಸೀಟಿನಲ್ಲಿದ್ದ ಭಾವ ಕೂಗಿಕೊಂಡರು. ಚಾಲಕ ಬೆಚ್ಚಿ ಎದ್ದು ಹೇಗೋ ಹತೋಟಿಗೆ ತಂದ. ಯಾರಿಗೂ ಏನೂ ಆಗಲಿಲ್ಲ. ಊರು ಸೇರಿದ ಮೇಲೆ ಭಾವ ಗಾಡಿಯ ಮಾಲೀಕನಿಗೆ ದೂರು ಕೊಟ್ಟರು. ಚಾಲಕನನ್ನು ಕೆಲಸದಿಂದ ತೆಗೆದರೆಂದು ವಾರದ ನಂತರ ಅಕ್ಕ ಫೋನಿನಲ್ಲಿ ಹೇಳಿದಳು. "ಕುಡಿದಿರಬೇಕು ಕಣೋ" ಎಂದಳು. ಅವನು ಕುಡಿದಿರಲಿಲ್ಲ. ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ, ಎಷ್ಟು ಸಲ ಎದ್ದ ಎಂಬುದು ನನಗೆ ಗೊತ್ತಿತ್ತು. ಆದರೂ ಫೋನಿನಲ್ಲಿ ಬಾಯಿ ಬಿಡಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಾದ ಸರಳವಾದದ್ದು. ಗಾಡಿಯನ್ನು ಬಾಡಿಗೆಗೆ ಹಿಡಿಯುವಾಗ ನಾವು ಚಾಲಕನ ಎಚ್ಚರವನ್ನೂ ಬಾಡಿಗೆಗೆ ಹಿಡಿಯುತ್ತೇವೆ. ಆ ಎಚ್ಚರ ಹುಟ್ಟುವುದು ನಿದ್ದೆಯಿಂದ. ಆದ್ದರಿಂದ ಅವನ ಹಾಸಿಗೆಯ ಖರ್ಚು ಪ್ರಯಾಣದ ಖರ್ಚಿನ ಒಂದು ಭಾಗ, ಡೀಸೆಲ್ ಇದ್ದಂತೆ, ಟೋಲ್ ಇದ್ದಂತೆ. ಅದನ್ನು ಕೊಡದೆ ಉಳಿಸಿಕೊಳ್ಳುವುದನ್ನು ಮಿತವ್ಯಯವೆಂದು ಕರೆಯಬಾರದು, ಬಾಕಿಯೆಂದು ಕರೆಯಬೇಕು.

ಇದಕ್ಕೆ ಬರುವ ಉತ್ತರಗಳೆಲ್ಲ ನನಗೆ ಗೊತ್ತು. ನಮ್ಮ ಮನೆಯಲ್ಲೇ ಅವನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ.

ಮೊದಲನೆಯದು, ಅವರಿಗೆ ಅಭ್ಯಾಸ. ದೇಹ ಯಾವುದಕ್ಕೆ ಒಗ್ಗಿದರೂ ನಿದ್ದೆಗೇಡಿಗೆ ಒಗ್ಗುವುದಿಲ್ಲ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರ ಪ್ರಕಾರ, ಸತತ 17 ಗಂಟೆ ಎಚ್ಚರವಾಗಿರುವವನ ಕೈ ಮತ್ತು ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆಯಂತೆ 30 ಮಿಲಿಗ್ರಾಂ ಮೀರಿದರೇ ಅಪರಾಧ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದವನು ರಾತ್ರಿ ಹನ್ನೆರಡಕ್ಕೆ ಆಂಬೂರಿನಲ್ಲಿದ್ದಾಗ ಹತ್ತೊಂಬತ್ತೂವರೆ ಗಂಟೆ ಎಚ್ಚರವಾಗಿದ್ದ. ಅದರ ಹಿಂದಿನ ರಾತ್ರಿಯದು ಮೂರು ಸಲ ಹರಿದ ನಿದ್ದೆ. ಅಕ್ಕನ ಅನುಮಾನ ಒಂದು ಅರ್ಥದಲ್ಲಿ ಸರಿಯಾಗಿಯೇ ಇತ್ತು. ಅವನು ಅಮಲಿನಲ್ಲಿದ್ದವನಂತೆಯೇ ಇದ್ದ, ಆದರೆ ಆ ಅಮಲನ್ನು ಕುಡಿಸಿದವರು ನಾವು. ಹೊರಡುವ ಮುನ್ನ ಚಾಲಕನ ಬಾಯಿಯ ವಾಸನೆ ನೋಡುವ ಜಾಣ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ನಿನ್ನೆ ಎಷ್ಟು ಹೊತ್ತು ಮಲಗಿದ್ದೆಯಪ್ಪಾ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಎರಡನೆಯದು, ಬಾಟಾ ಕೊಟ್ಟಿದ್ದೇವಲ್ಲ. ಬಾಟಾ ಎಂದು ನಾವು ಕೊಡುವುದು ದಿನಕ್ಕೆ ಕೆಲವು ನೂರು ರೂಪಾಯಿ. ಅದರಲ್ಲಿ ಮೂರು ಹೊತ್ತಿನ ಊಟ, ಕಾಫಿ, ಸ್ನಾನಕ್ಕೆ ಹೋದಲ್ಲಿ ಕೊಡುವ ಹಣ ಎಲ್ಲ ಕಳೆದ ಮೇಲೆ ತಾಂಬರಂನಲ್ಲಿ ಒಂದು ಕೋಣೆ ಸಿಗುವುದುಂಟೇ? ಸಿಕ್ಕರೂ ಅವನು ಆ ಹಣವನ್ನು ಮನೆಗೆ ಒಯ್ಯುತ್ತಾನೆಯೇ ಹೊರತು ಹಾಸಿಗೆಗೆ ಹಾಕುವುದಿಲ್ಲ. ನಮ್ಮ ಇಲಾಖೆಗಳ ಪ್ರವಾಸ ಭತ್ಯೆಯ ನಿಯಮ ಇಲ್ಲಿ ನೆನಪಾಗುತ್ತದೆ. 2017ರ ಜುಲೈಯಲ್ಲಿ ಹೊರಬಂದ ದರಪಟ್ಟಿಯಲ್ಲಿ ವಸತಿಯ ಖರ್ಚು ಹದಿನಾಲ್ಕನೆಯ ಹಂತ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ದಿನಕ್ಕೆ 7500 ರೂಪಾಯಿ, ಐದನೆಯ ಹಂತ ಮತ್ತು ಅದಕ್ಕೆ ಕೆಳಗಿನವರಿಗೆ 450 ರೂಪಾಯಿ. ಮೇಲುಕೀಳು ಅದರಲ್ಲೂ ಇದೆ, ಕಣ್ಣಿಗೆ ರಾಚುವಷ್ಟು ಇದೆ. ಆದರೆ ಸೊನ್ನೆ ಎಂಬ ಹಂತವೊಂದು ಅಲ್ಲಿಲ್ಲ. ಕೆಲಸದ ಮೇಲೆ ಪರಊರಿಗೆ ಹೋದವನು ಯಾವ ದರ್ಜೆಯವನಾದರೂ ರಾತ್ರಿ ಎಲ್ಲೋ ಒಂದು ಕಡೆ ಮಲಗಬೇಕೆಂಬುದನ್ನು ಆ ಪಟ್ಟಿ ಒಪ್ಪಿಕೊಂಡಿದೆ. ಆ ಭತ್ಯೆಯಲ್ಲಿ ಕೋಣೆ ಹಿಡಿಯುವ ನನ್ನಂಥವರೇ ಮನೆಯ ಮದುವೆಗೆ ಪಟ್ಟಿ ಬರೆಯುವಾಗ ಚಾಲಕನನ್ನು ಸೊನ್ನೆಯ ಹಂತಕ್ಕೆ ಇಳಿಸುತ್ತೇವೆ.

ಮೂರನೆಯದು, ಗಾಡಿಗೆ ಕಾವಲು ಬೇಡವೇ? ಬೇಕಾದರೆ ಕಾವಲುಗಾರನನ್ನು ಇಡಬೇಕು. ರಾತ್ರಿ ಕಾಯುವುದು ಒಂದು ಉದ್ಯೋಗ, ಹಗಲು ಗಾಡಿ ಓಡಿಸುವುದು ಇನ್ನೊಂದು ಉದ್ಯೋಗ. ಎರಡನ್ನೂ ಒಬ್ಬನೇ ದೇಹದಿಂದ, ಒಂದೇ ಸಂಬಳಕ್ಕೆ ಮಾಡಿಸಿಕೊಳ್ಳುವ ಮಾಲೀಕ ಎರಡನೆಯ ಆಳಿನ ಕೂಲಿಯನ್ನು ಉಳಿಸುತ್ತಿದ್ದಾನೆ. ಆ ಉಳಿತಾಯದಿಂದಲೇ ಅವನ ಕಿಲೋಮೀಟರ್ ದರ ನಮಗೆ ಅಗ್ಗವಾಗಿ ಕಾಣುತ್ತದೆ. ನಾಲ್ಕು ಕಡೆ ವಿಚಾರಿಸಿ ಕಡಿಮೆ ದರದವನನ್ನೇ ಗೊತ್ತು ಮಾಡಿಕೊಂಡ ನಾವು ಆ ಅಗ್ಗದಲ್ಲಿ ಪಾಲುದಾರರು.

ನಾಲ್ಕನೆಯ ಉತ್ತರವನ್ನು ಜೋರಾಗಿ ಹೇಳುವವರು ಕಡಿಮೆ. "ಹೆಂಗಸರು ಮಕ್ಕಳು ಇರುವ ಜಾಗ, ಯಾರೋ ಏನೋ" ಎಂದು ತಗ್ಗಿದ ದನಿಯಲ್ಲಿ ಅದು ಬರುತ್ತದೆ. ಈ "ಯಾರೋ ಏನೋ" ಎಂಬ ಮಾತಿನೊಳಗೆ ಜಾತಿಯ ಪ್ರಶ್ನೆಯೂ ಅಡಗಿ ಕುಳಿತಿದೆಯೆಂದು ನಾವೆಲ್ಲ ಬಲ್ಲೆವು. ಇಪ್ಪತ್ತೆಂಟು ಜೀವಗಳನ್ನು, ಅವುಗಳಲ್ಲಿ ಆರು ಮಕ್ಕಳನ್ನು, ಐನೂರು ಕಿಲೋಮೀಟರ್ ದೂರ ಆ ಯಾರೋ ಏನೋಗಳ ಕೈಗೆ ಒಪ್ಪಿಸುವಾಗ ನಮಗೆ ಅಂಜಿಕೆ ಇರಲಿಲ್ಲ. ವರಾಂಡದ ಚಾಪೆಯ ಪ್ರಶ್ನೆ ಬಂದಾಗ ಅಂಜಿಕೆ ಹುಟ್ಟಿತು. ನಾನು ಕರೆದಾಗ ಅವನು ಬಾರದೆ ಇದ್ದುದಕ್ಕೂ ಇದೇ ಕಾರಣವಿರಬೇಕು. ನಡುರಾತ್ರಿ ಎರಡೂವರೆಗೆ ಮನಸ್ಸಿಗೆ ಚುರುಕ್ಕೆಂದಾಗ ಕೊಡುವ ಆಹ್ವಾನದ ಬೆಲೆಯೆಷ್ಟೆಂದು ಕರೆಯುವವನಿಗಿಂತ ಕರೆಸಿಕೊಳ್ಳುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಛತ್ರ ಎಂಬ ಪದವನ್ನೇ ನೋಡಿ. ನಮ್ಮ ಸೀಮೆಯಲ್ಲಿ ಅದಕ್ಕೆ ಈಗ ಮದುವೆ ಮಂಟಪವೆಂಬುದೇ ಮೊದಲ ಅರ್ಥ. ಬೆಂಗಳೂರಿನಲ್ಲಿ ಚೌಲ್ಟ್ರಿ ಎಂದರೂ ಅದೇ. ಆದರೆ ಆ ಪದ ಹುಟ್ಟಿದ್ದು ದಾರಿಹೋಕನಿಗಾಗಿ. ಅರಸರೂ ಸೆಟ್ಟರೂ ಪುಣ್ಯಕ್ಕೆಂದು ಹಾದಿಯುದ್ದಕ್ಕೂ ಕಟ್ಟಿಸಿದ್ದು ನಡೆದು ದಣಿದವರು ಒಂದಿರುಳು ತಂಗಲೆಂದು. ಮುಂದೆ ಜಗಲಿ, ಬದಿಯಲ್ಲಿ ಬಾವಿ, ಎತ್ತು ಕಟ್ಟಲು ಬಯಲು. ಜಗಲಿಗೆ ಬಾಗಿಲಿರಲಿಲ್ಲ. ಗಾಡಿ ಹೊಡೆಯುವವನು ಎತ್ತುಗಳಿಗೆ ಹುಲ್ಲು ಹಾಕಿ ಅಲ್ಲಿ ಮೈಚಾಚಬಹುದಿತ್ತು. ಆ ವ್ಯವಸ್ಥೆಯೂ ಪಂಕ್ತಿಭೇದದಿಂದ ಹೊರತಾಗಿರಲಿಲ್ಲ. ಒಳಗೆ ಯಾರು, ಹೊರಗೆ ಯಾರು ಎಂಬ ಲೆಕ್ಕ ಅಲ್ಲೂ ಇತ್ತು, ಆ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ಆದರೆ ಪಯಣಿಗನ ಜತೆಗೆ ಪಯಣ ನಡೆಸುವವನೂ ದಣಿಯುತ್ತಾನೆಂಬ ಅರಿವು ಆ ಕಟ್ಟಡದ ನಕ್ಷೆಯಲ್ಲಿತ್ತು. ಈಗಿನ ಛತ್ರದ ನಕ್ಷೆಯಲ್ಲಿ ಜನರೇಟರಿಗೂ ಚಪ್ಪಲಿಗೂ ಸ್ಥಳವಿದೆ. ಜಗಲಿ ಮಾತ್ರ ಇಲ್ಲ.

ಇಂಗ್ಲಿಷ್ ಎಂಎ ಓದುವಾಗ ಕೈಗೆ ಬಂದ 'ಡಾನ್ ಕಿಹೋಟೆ'ಯ ಒಂದು ಪ್ರಸಂಗ ನೆನಪಿಗೆ ಬರುತ್ತದೆ. 1605ರಲ್ಲಿ ಪ್ರಕಟವಾದ ಮೊದಲ ಭಾಗದಲ್ಲಿ ಪೆಟ್ಟು ತಿಂದ ನಾಯಕ ತನ್ನ ಸೇವಕ ಸಾಂಕೋ ಪಾಂಜಾನೊಡನೆ ಹಾದಿಬದಿಯ ವಸತಿಗೃಹಕ್ಕೆ ಬರುತ್ತಾನೆ. ಹರಕುಮುರುಕು ಅಟ್ಟ. ನಾಯಕನಿಗೆ ಹಲಗೆಗಳ ಮಂಚ. ಪಕ್ಕದಲ್ಲೇ ಸಾಂಕೋನಿಗೆ ಜೊಂಡಿನ ಚಾಪೆ ಮತ್ತು ಕಂಬಳಿ. ಅದೇ ಅಟ್ಟದಲ್ಲಿ ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವವನೊಬ್ಬ ತಡಿಗಳನ್ನೇ ಹಾಸಿಗೆ ಮಾಡಿಕೊಂಡು ಮಲಗಿದ್ದಾನೆ. ಬಡ ಸ್ಪೇನಿನ ಆ ಕೊಳಕು ವಸತಿಗೃಹದಲ್ಲೂ ಸವಾರ, ಸೇವಕ, ಸಾಗಣೆಗಾರ ಮೂವರೂ ಒಂದೇ ಮಾಡಿನ ಕೆಳಗಿದ್ದರು. ನಾನೂರು ವರ್ಷಗಳ ನಂತರ, ಹೂವಿಗೆ ಎಸಿ ಹಾಕುವಷ್ಟು ಸ್ಥಿತಿವಂತರಾದ ನಾವು ಮೂರನೆಯವನನ್ನು ಬೀದಿಯಲ್ಲಿ ಬಿಟ್ಟಿದ್ದೆವು.

ವ್ಯಾನಿನಲ್ಲಿ ಮಲಗುವುದೆಂದರೆ ನಮ್ಮ ಮನೆಯ ಹುಡುಗರ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ. ಹಾಸಿಗೆ, ಒಲೆ, ಹಿಂಬಾಗಿಲು ತೆರೆದರೆ ಕಡಲು. ಸ್ಟೈನ್‌ಬೆಕ್ 1960ರಲ್ಲಿ ಅಮೆರಿಕ ಸುತ್ತಲು ಹೊರಟಾಗ ತನ್ನ ಮನೆಗಾಡಿಗೆ ಡಾನ್ ಕಿಹೋಟೆಯ ಕುದುರೆ ರೊಸಿನಾಂಟೆಯ ಹೆಸರನ್ನೇ ಇಟ್ಟಿದ್ದ. ಅದೇ ದೇಶದಲ್ಲಿ ಮನೆ ಕಳೆದುಕೊಂಡು ವ್ಯಾನುಗಳಲ್ಲಿ ಬದುಕುವ ಮುದುಕರ ಕಥೆಯನ್ನು 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕವೂ ಚಲನಚಿತ್ರವೂ ಹೇಳಿವೆ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮವನ್ನು ಆರಂಭಿಸಿದಾಗ ಆ ಗಾಡಿಗಳಲ್ಲಿ ಇರಬೇಕಾದವುಗಳ ಪಟ್ಟಿ ಹೊರಬಂತು. ಸೋಫಾ ಹಾಸಿಗೆ, ಫ್ರಿಜ್, ಊಟದ ಮೇಜು, ಶೌಚಾಲಯ, ಎಸಿ, ಇಂಟರ್ನೆಟ್. ಅದರ ಜತೆಗೆ ಚಾಲಕನ ಬೆನ್ನ ಹಿಂದೆ ಒಂದು ಅಡ್ಡಗೋಡೆ. ಪ್ರವಾಸಿಗಳ ಏಕಾಂತಕ್ಕೆ ಅದು ಬೇಕು, ಒಪ್ಪಿದೆ. ಆದರೆ ರಾತ್ರಿ ಹಾಸಿಗೆ ಬಿಚ್ಚಿದಾಗ ಗೋಡೆಯ ಆಚೆ ಇರುವವನು ಎಲ್ಲಿ ಮಲಗುತ್ತಾನೆ?

2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರ ಶವಗಳು ಸಿಕ್ಕವು. ಗಾಡಿಯ ಜನರೇಟರಿನಿಂದ ಹೊರಟ ವಿಷಾನಿಲ, ಕಾರ್ಬನ್ ಮೊನಾಕ್ಸೈಡ್, ನೆಲದ ತೂತಿನ ಮೂಲಕ ಒಳಗೆ ತುಂಬಿತ್ತೆಂದು ತಜ್ಞರು ಕಂಡುಕೊಂಡರು. ವಾಸನೆಯಿಲ್ಲದ, ಬಣ್ಣವಿಲ್ಲದ ಅನಿಲವದು, ನಿದ್ದೆಯಲ್ಲಿರುವವನಿಗೆ ಸುಳಿವನ್ನೂ ಕೊಡುವುದಿಲ್ಲ. ಸತ್ತವರು ಪ್ರವಾಸಿಗಳಲ್ಲ. ಒಬ್ಬ ಆ ಗಾಡಿಯ ಚಾಲಕ, ಇನ್ನೊಬ್ಬ ಅದೇ ಗಾಡಿಯ ಕೆಲಸಗಾರ. ನಮ್ಮ ಟೆಂಪೋ ಟ್ರಾವೆಲರಿನ ಚಾಲಕನಿಗೆ ಜನರೇಟರ್ ಇಲ್ಲ. ಎಂಜಿನ್ ಓಡಿಸಿ ಎಸಿ ಹಾಕಿಕೊಂಡರೆ ಮಾಲೀಕ ಡೀಸೆಲ್ಲಿನ ಲೆಕ್ಕ ಕೇಳುತ್ತಾನೆ, ಹೊಗೆಯ ಅಪಾಯ ಬೇರೆ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ಸೊಳ್ಳೆ, ಜತೆಗೆ ಮೊಬೈಲ್ ಕಳ್ಳರು. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ.

ನಮ್ಮ ಛತ್ರವಿದ್ದದ್ದು ಸ್ಯಾನಟೋರಿಯಂ ಪ್ರದೇಶದ ಸಮೀಪದಲ್ಲಿ. 1928ರಲ್ಲಿ ಡಾ. ಡೇವಿಡ್ ಚೌರಿ ಮುತ್ತು ಇಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮ ತೆರೆದರು. ಬಯಲಿನ ಶುದ್ಧ ಗಾಳಿಯೂ ವಿಶ್ರಾಂತಿಯೂ ಔಷಧವೆಂದು ಅವರು ನಂಬಿದ್ದರು. ಆ ಕಾಲಕ್ಕೆ ಮದರಾಸಿನಿಂದ ದೂರವಿದ್ದ ಈ ಹಳ್ಳಿಗಾಡಿಗೆ ಜನ ಬರುತ್ತಿದ್ದದ್ದು ಉಸಿರಾಡಲು, ಮಲಗಲು. ಅದೇ ನೆಲದಲ್ಲಿ, ನಾಲ್ಕು ಹೆಜ್ಜೆಯಾಚೆ, ಲುಂಗಿ ಕಟ್ಟಿದ ಕಿಟಕಿಯ ಹಿಂದೆ ಒಬ್ಬ ಆರೋಗ್ಯವಂತ ಬೆವರಿನಲ್ಲಿ ಬೇಯುತ್ತ ಬಿದ್ದುಕೊಂಡಿದ್ದ.

ಕಾನೂನು ಇಲ್ಲವೇ ಎಂದರೆ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿ ಹಾಕಿತ್ತು. ಕಾರ್ಮಿಕರು ರಾತ್ರಿ ತಂಗಬೇಕಾದಲ್ಲಿ ಮಾಲೀಕನೇ ವಿಶ್ರಾಂತಿ ಕೊಠಡಿ ಒದಗಿಸಬೇಕೆಂದೂ ಹೇಳಿತ್ತು. ಆದರೆ ಐದು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ಅನ್ವಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಹತ್ತು. ಸರಕಾರಿ ನೌಕರನಾದ ನಾನು ಕಾಯಿದೆಗಳ ವಿಮರ್ಶೆಗೆ ಹೊರಟಿಲ್ಲ. ಓದುಗರು ಗಮನಿಸಬೇಕಾದದ್ದು ಇಷ್ಟೇ. ಮದುವೆಗೆ, ಯಾತ್ರೆಗೆ ನಾವು ಹಿಡಿಯುವ ಗಾಡಿ ಬಹುಮಟ್ಟಿಗೆ ಒಂದೆರಡು ವಾಹನ ಇಟ್ಟುಕೊಂಡವರದು. ಐದೂ ಅವರನ್ನು ಮುಟ್ಟುತ್ತಿರಲಿಲ್ಲ, ಹತ್ತೂ ಮುಟ್ಟುವುದಿಲ್ಲ. ಕಾನೂನಿನ ಕೈ ಎಟುಕದ ಆ ಜಾಗದಲ್ಲಿ ಚಾಲಕನೂ ನಾವೂ ಮುಖಾಮುಖಿಯಾಗಿ ನಿಂತಿದ್ದೇವೆ.

ತಮಿಳುನಾಡು 2023ರಲ್ಲಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲುಗಳೂ ವಸತಿಗೃಹಗಳೂ ಅತಿಥಿಗಳ ವಾಹನ ಚಾಲಕರಿಗೆ ಮಲಗುವ ಸ್ಥಳ ಮತ್ತು ಶೌಚಾಲಯ ಒದಗಿಸಬೇಕೆಂದು ವಿಧಿಸಿತು. ಒಳ್ಳೆಯ ನಿಯಮ. ಆದರೆ ಕೋಣೆ ಕಾದಿರಿಸುವಾಗ ನಾವು ಬಿಸಿನೀರು ಎಷ್ಟು ಗಂಟೆಗೆ, ತಿಂಡಿ ಸೇರಿದೆಯೇ, ವೈಫೈ ಉಂಟೇ ಎಂದು ಕೇಳುತ್ತೇವೆ. ಚಾಲಕನಿಗೆ ಹಾಸಿಗೆ ಎಲ್ಲಿ ಎಂದು ಕೇಳುವುದಿಲ್ಲ. ಗಿರಾಕಿ ಕೇಳದ ಸೌಕರ್ಯ ಬಹುಬೇಗ ಸಾಮಾನು ತುಂಬುವ ಕೋಣೆಯಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕ್ರಾಂತಿಯೇನೂ ಬೇಕಿಲ್ಲ. ಕೋಣೆಗಳ ಜತೆಯಲ್ಲೇ ಚಾಲಕರ ಹಾಸಿಗೆಯನ್ನೂ ಗೊತ್ತು ಮಾಡಿ ಅದರ ಹಣವನ್ನು ನಾವೇ ಕಟ್ಟಬೇಕು, ಬಾಟಾದಲ್ಲಿ ಸೇರಿದೆಯೆಂದು ಜಾರಿಕೊಳ್ಳಬಾರದು. ರಾತ್ರಿ ಹೊರಡುವುದಿದ್ದರೆ ಅಂದು ಮಧ್ಯಾಹ್ನ ಅವನನ್ನು ಫ್ಯಾನಿರುವ ಕೋಣೆಯಲ್ಲಿ ಮಲಗಲು ಬಿಟ್ಟು, ಮಾಮಲ್ಲಪುರಕ್ಕೆ ಬೇರೆ ಗಾಡಿ ಹಿಡಿಯಬೇಕು. ಐನೂರು ಕಿಲೋಮೀಟರಿನ ಇರುಳು ಪ್ರಯಾಣಕ್ಕೆ ಇಬ್ಬರು ಚಾಲಕರನ್ನು ಕೇಳಬೇಕು, ಅಥವಾ ಬೆಳಕು ಹರಿದ ಮೇಲೆ ಹೊರಡಬೇಕು. ಛತ್ರ ಕಟ್ಟಿಸುವವರು ಒಂದು ಜಗಲಿಯನ್ನು, ಒಂದು ಬಚ್ಚಲನ್ನು ಮರಳಿ ಕಟ್ಟಿಸಲಿ. ಲಕ್ಷಗಟ್ಟಲೆ ಸುರಿಯುವ ಮದುವೆಯಲ್ಲಿ ಇದಕ್ಕೆ ತಗಲುವ ಖರ್ಚು ಮರುದಿನ ಕಸದ ಗಾಡಿಗೆ ಹೋಗುವ ಹೂವಿನ ಖರ್ಚಿಗಿಂತ ಕಡಿಮೆ.

ಕೆಲಸ ಹೋದ ಆ ಚಾಲಕನನ್ನು ಹುಡುಕಲು ನಾನು ಪ್ರಯತ್ನಿಸಿದೆ. ಹಳೆಯ ಮಾಲೀಕ, "ಎಲ್ಲೋ ಬೇರೆ ಗಾಡಿ ಓಡಿಸ್ತಾ ಇರ್ತಾನೆ ಬಿಡಿ" ಎಂದು ಫೋನಿಟ್ಟ. ಭಾವನಿಗೆ ನಡೆದದ್ದನ್ನೆಲ್ಲ ವಿವರಿಸಿದೆ. ಅವರು ಸುಮ್ಮನೆ ಕೇಳಿಕೊಂಡರು. ಒಪ್ಪಿದರೋ ಇಲ್ಲವೋ ಹೇಳಲಾರೆ.

ಬರುವ ಮಾಘದಲ್ಲಿ ಅಣ್ಣನ ಮಗಳ ಮದುವೆ ಇದೆ. ಕೋಣೆ ಹಂಚುವ ಪುಸ್ತಕ ಮತ್ತೆ ನನ್ನ ಕೈಗೇ ಬಂದಿದೆ. ಈ ಸಲ ಮೊದಲ ಪುಟದಲ್ಲಿ, ಮೊದಲ ಕೋಣೆಯ ಎದುರು ಚಾಲಕರಿಬ್ಬರನ್ನು ಬರೆಯಬೇಕೆಂದು ಗಾಡಿಯ ಮಾಲೀಕನಿಗೆ ಫೋನು ಮಾಡಿ ಅವರ ಹೆಸರು ಕೇಳಿದೆ. "ಡ್ರೈವರ್ ಹೆಸರು ಯಾಕೆ ಸಾರ್? ಗಾಡಿ ನಂಬರ್ ಕಳಿಸ್ತೀನಿ" ಎಂದ. ಹೆಸರೇ ಬೇಕೆಂದು ಹೇಳಿದ್ದೇನೆ.